ಕಣ್ಣಿನ ಸ್ಕ್ಯಾನಿಗೆ ದುಡ್ಡು ಕಟ್ಟುವ ಮುಂಚೆ

ಕಳೆದ ತಿಂಗಳು ದಾವಣಗೆರೆ ಕಡೆಯಿಂದ ಒಬ್ಬರು ಬಂದಿದ್ದರು. 58 ವರ್ಷ, ಹೋಟೆಲಿನಲ್ಲಿ ಅಡುಗೆ ಭಟ್ಟರು, 15 ವರ್ಷದಿಂದ ಶುಗರ್. ಬಟ್ಟೆ ಅಂಗಡಿಯ ಕವರಿನಿಂದ ಒಂದೊಂದೇ ಕಾಗದ ತೆಗೆದು ನನ್ನ ಟೇಬಲ್ ಮೇಲೆ ಜೋಡಿಸಿದರು. ನಾಲ್ಕು ತಿಂಗಳಲ್ಲಿ ಮೂರು ಕಡೆ ಮೂರು ಓಸಿಟಿ ಸ್ಕ್ಯಾನ್. ರಸೀದಿಗಳನ್ನು ಕೂಡಿಸಿದರೆ 5,700 ರೂಪಾಯಿ. "ಮೇಡಂ, ಈಗ ನೀವೂ ಒಂದು ಬರ್ಕೊಡ್ತೀರಾ?" ಅಂದರು. ದನಿಯಲ್ಲಿ ಸುಸ್ತು ಇತ್ತು.

ನಾನು ರೆಟಿನಾ ಡಾಕ್ಟರ್. ದಿನಾ ಈ ಪರೀಕ್ಷೆ ಬರೆಯುವವಳು. ಹಾಗಾಗಿ ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸಿತು.

ಮೊದಲು ಓಸಿಟಿ ಅಂದರೆ ಏನು ಅಂತ ನೋಡೋಣ. ಗಲ್ಲವನ್ನು ಸ್ಟ್ಯಾಂಡ್ ಮೇಲೆ ಇಟ್ಟು, ಒಳಗೆ ಕಾಣುವ ಗುರುತನ್ನು ಕೆಲವು ಸೆಕೆಂಡ್ ನೋಡುತ್ತೀರಿ, ಅಷ್ಟೇ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ, ಯಂತ್ರ ಕಣ್ಣಿಗೆ ತಾಗುವುದೂ ಇಲ್ಲ. ಬರೀ ಬೆಳಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡ 1991ರಲ್ಲಿ ಪ್ರಕಟಿಸಿದ ವಿಧಾನ ಇದು. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ನಡುಭಾಗದಲ್ಲಿ ಸುಮಾರು ಕಾಲು ಮಿಲಿಮೀಟರ್ ದಪ್ಪ. ಈರುಳ್ಳಿಯನ್ನು ಅಡ್ಡ ಕೊಯ್ದ ಹಾಗೆ ಅದರ ಪದರಗಳೆಲ್ಲ ಕಂಪ್ಯೂಟರ್ ಸ್ಕ್ರೀನ್ ಮೇಲೆ ಕಾಣುತ್ತವೆ. ಶುಗರ್‌ನಿಂದ ಅಲ್ಲಿ ನೀರು ತುಂಬಿ ಊದಿಕೊಂಡರೆ 250 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್) ಇರಬೇಕಾದ ಜಾಗ 450 ಆಗಿರುತ್ತದೆ. ಆ ಊತ ಇಳಿಸಲು ಕಣ್ಣಿಗೆ ಇನ್ನೊಂದು ಇಂಜೆಕ್ಷನ್ ಬೇಕಾ, ಬೇಡವಾ ಅನ್ನುವುದನ್ನು ಹೆಚ್ಚಾಗಿ ಈ ಚಿತ್ರ ನೋಡಿಯೇ ತೀರ್ಮಾನಿಸುತ್ತೇವೆ. ಒಳ್ಳೆಯ ಪರೀಕ್ಷೆ. ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ.

ರೇಟು ಮಾತ್ರ ಊರಿಂದ ಊರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ನಮ್ಮ ಕಡೆ ಖಾಸಗಿಯಲ್ಲಿ ನಾನು ಕಂಡಂತೆ ಸಾವಿರದಿಂದ ಮೂರು ಸಾವಿರದವರೆಗೆ ಇದೆ. ಯಂತ್ರ ಬರುವುದು ಹೆಚ್ಚಾಗಿ ಜರ್ಮನಿ, ಜಪಾನಿನಿಂದ. ಬೆಲೆ ಹತ್ತಾರು ಲಕ್ಷ, ಅದರ ಮೇಲೆ ವರ್ಷ ವರ್ಷ ಸರ್ವಿಸ್ ಖರ್ಚು. ದಿನಕ್ಕೆ ಐವತ್ತು ಜನರಿಗೆ ಸ್ಕ್ಯಾನ್ ಮಾಡುವ ಕಡೆ ಆ ಹೊರೆ ಹಂಚಿಹೋಗುತ್ತದೆ, ಐದು ಜನರಿಗೆ ಮಾಡುವ ಕಡೆ ಹೋಗುವುದಿಲ್ಲ. ದೊಡ್ಡ ಟ್ರಸ್ಟ್ ಆಸ್ಪತ್ರೆಗಳಲ್ಲಿ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ.

ಜನ ಸಿಕ್ಕಿಹಾಕಿಕೊಳ್ಳುವುದು ಬೇರೆ ಜಾಗದಲ್ಲಿ. ಫೋನಿನಲ್ಲಿ "1,200" ಅಂದಿರುತ್ತಾರೆ, ಕೌಂಟರಿಗೆ ಹೋದರೆ 2,400. ಯಾಕೆಂದರೆ ಮೊದಲು ಹೇಳಿದ್ದು ಒಂದು ಕಣ್ಣಿನ ರೇಟು. "ಒಂದು ಕಣ್ಣಿಗಾ, ಎರಡಕ್ಕೂ ಸೇರಿಸಾ?" ಅಂತ ಮೊದಲೇ ಕೇಳಿ. ರೆಟಿನಾದ ನಡುಭಾಗಕ್ಕೆ ಮಾಡುವ ಸ್ಕ್ಯಾನ್ ಬೇರೆ, ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆಗೆ ಅಂತ, ಆ ನರಕ್ಕೆ ಮಾಡುವುದು ಬೇರೆ. ಎರಡೂ ಬರೆದಿದ್ದರೆ ಬಿಲ್ಲೂ ಎರಡಾಗಬಹುದು. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಕಾಣುವ ಹಾಗೆ ಹಾಕಬೇಕು ಅಂತ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಲ್ಲೇ ಇದೆ. ಕೇಳುವುದಕ್ಕೆ ಸಂಕೋಚ ಬೇಡ. ಇಂಥ ಪರೀಕ್ಷೆಗೆ ಜಿಎಸ್‌ಟಿಯೂ ಇಲ್ಲ.

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಈ ಸ್ಕ್ಯಾನಿನಲ್ಲಿ ಏನು ಬಂದರೆ ನನ್ನ ಚಿಕಿತ್ಸೆ ಬದಲಾಗುತ್ತೆ?" ನನ್ನನ್ನು ಕೇಳಿದರೆ ನನಗೆ ಬೇಜಾರಾಗುವುದಿಲ್ಲ. ಶುಗರ್ ಇದೆ, ದೃಷ್ಟಿ ಚೆನ್ನಾಗಿದೆ, ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿ ನೋಡಿದಾಗ ಪರದೆ ಶುದ್ಧವಾಗಿದೆ ಅಂದರೆ ನಾನು ಓಸಿಟಿ ಬರೆಯುವುದಿಲ್ಲ. ವರ್ಷಕ್ಕೊಮ್ಮೆ ಹೀಗೆ ನೋಡಿದರೆ ಸಾಕು. ಸುಮ್ನೆ ಯಂತ್ರ ಇದೆ ಅಂತ ಬರೆಯಬಾರದು ಅಲ್ವಾ?

ರಿಪೋರ್ಟ್ ಕೈಗೆ ಬಂದಾಗ ಒಂದು ಸಂಖ್ಯೆ ನೋಡಿಕೊಳ್ಳಿ. ಹೆಚ್ಚಿನ ಯಂತ್ರಗಳು ಚಿತ್ರ ಎಷ್ಟು ಚೆನ್ನಾಗಿ ಬಂದಿದೆ ಅನ್ನುವುದಕ್ಕೆ ಅಂಕ ಕೊಡುತ್ತವೆ, ಅದು ಹೆಚ್ಚಾಗಿ ಕಾಗದದ ಮೇಲ್ಗಡೆ ಇರುತ್ತದೆ. ಕೆಲವು ಯಂತ್ರಗಳಲ್ಲಿ ಅದು ಹತ್ತಕ್ಕೆ ಇಷ್ಟು ಅಂತ ಇರುತ್ತದೆ. ಅಲ್ಲಿ ಆರಕ್ಕಿಂತ ಕಡಿಮೆ ಬಂದಿದ್ದರೆ ಆ ಅಳತೆಯನ್ನು ನಂಬುವುದು ಕಷ್ಟ. ಕಣ್ಣು ಒಣಗಿದ್ದರೆ, ಪೊರೆ ಬಲಿತಿದ್ದರೆ, ಅಲುಗಾಡಿದರೆ ಹೀಗಾಗುತ್ತದೆ. ಆಗಲೇ "ಇನ್ನೊಂದು ಸಲ ತೆಗೀರಿ" ಅನ್ನಿ, ಅದಕ್ಕೆ ಮತ್ತೆ ದುಡ್ಡು ಕೇಳಬಾರದು. ಸಾಮಾನ್ಯ ಅಳತೆಗೆ ಹೊಂದದ ಜಾಗವನ್ನು ಯಂತ್ರ ಕೆಂಪು ಬಣ್ಣದಲ್ಲಿ ತೋರಿಸುತ್ತದೆ, ಅದನ್ನು ಕಂಡು ಹೆದರುವವರೂ ಇದ್ದಾರೆ. ದಪ್ಪ ಮೈನಸ್ ಕನ್ನಡಕದವರಿಗೆ ರೋಗ ಇಲ್ಲದೆಯೂ ನರದ ಸ್ಕ್ಯಾನಿನಲ್ಲಿ ಕೆಂಪು ಬರಬಹುದು. ಅವರ ಕಣ್ಣಿನ ಅಳತೆ ಯಂತ್ರದಲ್ಲಿರುವ ಸಾಮಾನ್ಯರ ಲೆಕ್ಕಕ್ಕೆ ಹೊಂದುವುದಿಲ್ಲ.

ಇನ್ನು ಭಟ್ಟರ ಸಮಸ್ಯೆ. ಹೊಸ ಆಸ್ಪತ್ರೆಗೆ ಹೋದ ಕೂಡಲೇ ಹೊಸ ಸ್ಕ್ಯಾನ್ ಯಾಕೆ? ಎಲ್ಲ ಸಲವೂ ಅದು ದುಡ್ಡಿನಾಸೆ ಅಲ್ಲ. ಬೇರೆ ಬೇರೆ ಕಂಪನಿಯ ಯಂತ್ರಗಳು ರೆಟಿನಾದ ದಪ್ಪವನ್ನು ಒಂದೇ ಗಡಿಯಿಂದ ಅಳೆಯುವುದಿಲ್ಲ. ಒಂದರ 300ನ್ನು ಇನ್ನೊಂದರ 300ರ ಜೊತೆ ಹೋಲಿಸಲು ಬರುವುದಿಲ್ಲ. ಇಂಜೆಕ್ಷನ್ ಶುರುವಾದ ಮೇಲೆ ಊತ ಇಳಿಯಿತಾ ಅಂತ ನೋಡಲು ಒಂದೇ ಯಂತ್ರ ಬೇಕು. ಚಿಕಿತ್ಸೆ ಒಂದೇ ಕಡೆ ಮಾಡಿಸಿಕೊಳ್ಳಿ ಅನ್ನುವುದು ಇದಕ್ಕೇ. ಆದರೆ ಹಳೆಯ ಚಿತ್ರವನ್ನು ತಿರುಗಿಯೂ ನೋಡದೆ ಹೊಸದು ಬರೆಯುವುದು ತಪ್ಪು. ನಮ್ಮವರಲ್ಲಿ ಆ ಅಭ್ಯಾಸ ಇದೆ, ಒಪ್ಪಿಕೊಳ್ಳುತ್ತೇನೆ. ನೀವೂ ಕಪ್ಪು-ಬಿಳುಪು ಜೆರಾಕ್ಸ್ ತರಬೇಡಿ, ಅದರಲ್ಲಿ ಏನೂ ಕಾಣುವುದಿಲ್ಲ. ಪಿಡಿಎಫ್ ಕೇಳಿ ಪಡೆಯಿರಿ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ ನಿಯಮದಲ್ಲೇ ಇದೆ.

ಕೆಲವರಿಗೆ ರಕ್ತನಾಳಕ್ಕೆ ಡೈ (ಬಣ್ಣದ ದ್ರವ) ಕೊಟ್ಟು ಕಣ್ಣಿನ ಫೋಟೋ ತೆಗೆಯುವ ಎಫ್‌ಎಫ್‌ಎ ಬರೆಯುತ್ತೇವೆ. ಇದಕ್ಕೆ ಹೆಚ್ಚಾಗಿ ಓಸಿಟಿಗಿಂತ ಜಾಸ್ತಿ ಆಗುತ್ತದೆ. ಡೈ, ಸೂಜಿ, ಜೊತೆಗೆ ಅಲರ್ಜಿ ಆದರೆ ಅಂತ ತುರ್ತು ಔಷಧಿ ಸಿದ್ಧ ಇಟ್ಟುಕೊಳ್ಳಬೇಕು. ಮುಂಚೆ ಮಾಡಿಸುವ ರಕ್ತ ಪರೀಕ್ಷೆಯ ಖರ್ಚು ಬೇರೆ. ಮೈ ಹಳದಿ, ಮೂತ್ರ ಕಿತ್ತಳೆ ಬಣ್ಣ ಆಗುತ್ತದೆ, ಒಂದೆರಡು ದಿನಕ್ಕೆ ಸರಿಹೋಗುತ್ತದೆ.

ಬಿಪಿಎಲ್ ಕಾರ್ಡ್ ಇರುವವರು ಮೊದಲು ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಅಥವಾ ಹತ್ತಿರದ ಸರ್ಕಾರಿ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ. ಆರೋಗ್ಯ ವಿಮೆ ಇದ್ದವರಿಗೆ ಒಂದು ಮಾತು. ಬರೀ ಹೊರರೋಗಿಯಾಗಿ ಸ್ಕ್ಯಾನ್ ಮಾಡಿಸಿದರೆ ಹೆಚ್ಚಿನ ಪಾಲಿಸಿಗಳು ದುಡ್ಡು ಕೊಡುವುದಿಲ್ಲ. ಆದರೆ ಕಣ್ಣಿನೊಳಗಿನ ಇಂಜೆಕ್ಷನ್ನನ್ನು ವಿಮೆಯಿಂದ ಹೊರಗಿಡಬಾರದು ಅಂತ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2019ರಲ್ಲೇ ಹೇಳಿದೆ. ಇಂಜೆಕ್ಷನ್ ಕ್ಲೇಮ್ ಪಾಸಾದರೆ, ಅದಕ್ಕೆ ಮುಂಚಿನ 30 ದಿನಗಳ ಪರೀಕ್ಷೆಯ ಬಿಲ್ಲನ್ನೂ ಸೇರಿಸಲು ಬಹಳಷ್ಟು ಪಾಲಿಸಿಗಳಲ್ಲಿ ಅವಕಾಶ ಇದೆ. ರಸೀದಿ ಬಿಸಾಡಬೇಡಿ.

ಭಟ್ಟರ ಮೂರನೆಯ ಸ್ಕ್ಯಾನಿಗೆ ಹನ್ನೆರಡು ದಿನ ಆಗಿತ್ತು. ಚಿತ್ರ ಸ್ಪಷ್ಟವಾಗಿತ್ತು, ಬಲಗಣ್ಣಿನಲ್ಲಿ ಊತ ಎದ್ದು ಕಾಣುತ್ತಿತ್ತು. ಅದೇ ಸಾಕಾಯಿತು. ಆವತ್ತು ಇಂಜೆಕ್ಷನ್ ಬರೆದೆ, ಸ್ಕ್ಯಾನ್ ಬರೆಯಲಿಲ್ಲ. ಮುಂದಿನ ತಿಂಗಳು ಬಂದಾಗ ಒಂದು ಬೇಕಾಗುತ್ತೆ, ಆ ದಿನ ಮಗನನ್ನು ಕರೆದುಕೊಂಡು ಬನ್ನಿ, ಡ್ರಾಪ್ಸ್ ಹಾಕಿದರೆ ನಾಲ್ಕೈದು ಗಂಟೆ ಮಬ್ಬಾಗಿರುತ್ತೆ ಅಂದೆ. "ಹೋಟೆಲ್ ರಜಾ ಸೋಮವಾರ, ಅವತ್ತೇ ಹಾಕಿ ಮೇಡಂ, ಕೂಲಿ ಉಳಿಯುತ್ತೆ" ಅಂದರು. ಸೋಮವಾರಕ್ಕೇ ಬರೆದುಕೊಟ್ಟೆ.