ಬೀಗ ಹಾಕುವ ಮುಂಚೆ ಕ್ಯಾಮೆರಾ ಇಡಿ

ಸಂಜೆ ಕೆಲಸ ಮುಗಿಸಿ ಬಂದು ಬಾಗಿಲು ತೆಗೆದರೆ ಹಾಲ್ ತುಂಬಾ ಸೋಫಾದ ಸ್ಪಂಜು. ಜೋಡಿ ಚಪ್ಪಲಿಯಲ್ಲಿ ಒಂದು ಮಾಯ. ಮೂಲೆಯಲ್ಲಿ ಹತ್ತು ತಿಂಗಳ ಲ್ಯಾಬ್ರಡಾರ್ ಕಿವಿ ಹಿಂದಕ್ಕೆ ಒತ್ತಿಕೊಂಡು, ಕಣ್ಣು ತಪ್ಪಿಸಿ ಕೂತಿದೆ. "ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಅಂತ ಮನೆಯವರ ತೀರ್ಪು. ದೊಡ್ಡವರು ಆಫೀಸಿಗೆ, ಮಕ್ಕಳು ಸ್ಕೂಲಿಗೆ ಹೋಗುವ ಬೆಂಗಳೂರಿನ ಮನೆಗಳಲ್ಲಿ ಇದು ಹೊಸದಲ್ಲ. ಮುಂದಿನ ಭಾನುವಾರ ಗಟ್ಟಿಯಾದ ಚೈನೋ, ಕಬ್ಬಿಣದ ಪಂಜರವೋ ಮನೆಗೆ ಬರುತ್ತದೆ.

ಮೊದಲು ಆ ಮುಖದ ವಿಷಯ ನೋಡೋಣ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅದರಲ್ಲಿ 14 ನಾಯಿಗಳಿದ್ದವು. ಮಾಲೀಕರು ನಾಯಿಗೆ ತಿಂಡಿ ತೋರಿಸಿ, ತಿನ್ನಬೇಡ ಅಂತ ಹೇಳಿ ಹೊರಗೆ ಹೋಗುತ್ತಿದ್ದರು. ವಾಪಸ್ ಬಂದಾಗ ನಾಯಿ ತಿಂದಿತೋ ಇಲ್ಲವೋ ಅಂತ ಸಂಶೋಧಕರು ತಿಳಿಸುತ್ತಿದ್ದರು. ಕೆಲವು ಸಲ ಬೇಕಂತಲೇ ತಪ್ಪು ಮಾಹಿತಿ ಕೊಡುತ್ತಿದ್ದರು. ನಾಯಿ ತಿಂದಿತ್ತೋ ಬಿಟ್ಟಿತ್ತೋ ಎಂಬುದಕ್ಕೂ ಆ ತಪ್ಪಿತಸ್ಥ ಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಬೈಸಿಕೊಂಡಾಗ ಆ ಮುಖ ಬರುತ್ತಿತ್ತು, ಅಷ್ಟೇ. ಹೇಳಿದ ಮಾತು ಕೇಳಿ ತಿಂಡಿ ಮುಟ್ಟದೇ ಇದ್ದು, ಆದರೂ ಬೈಸಿಕೊಂಡ ನಾಯಿಗಳ ಮುಖವೇ ಜಾಸ್ತಿ ಬಾಡಿತ್ತು.

ಅಂದರೆ ಸಂಜೆಯ ಮುಖ ನೋಡಿದರೆ ಬೆಳಗಿನ ಕಥೆ ತಿಳಿಯುವುದಿಲ್ಲ. ಅದಕ್ಕೇ ಬೀಗ, ಚೈನು, ಪಂಜರ ಯಾವುದನ್ನೂ ಕೊಳ್ಳುವ ಮುಂಚೆ ಒಂದು ಹಳೆ ಮೊಬೈಲನ್ನು ಪುಸ್ತಕದ ಕಪಾಟಿನ ಮೇಲಿಟ್ಟು ವಿಡಿಯೊ ಹಾಕಿ ಹೋಗಿ ಅನ್ನುವುದು ನನ್ನ ಸಲಹೆ. ಮೊದಲ ಅರ್ಧ ಗಂಟೆ ಸಿಕ್ಕಿದರೂ ಸಾಕು. ಒಂದೇ ತರಹ ಕೆರೆದು ಹಾಳಾದ ಬಾಗಿಲಿನ ಹಿಂದೆ ಬೇರೆ ಬೇರೆ ಸಂಕಟ ಇರಬಹುದು. ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಹಿಂಸೆ ಆಗುತ್ತದೆ.

ಹೆಚ್ಚಿನ ಮನೆಗಳಲ್ಲಿ ಕಾಣುವುದು ಬರೀ ಬೇಜಾರು. ನೀವು ಹೋದ ಮೇಲೆ ನಾಯಿ ಸ್ವಲ್ಪ ಹೊತ್ತು ಬಾಗಿಲು ನೋಡುತ್ತದೆ, ಮಲಗುತ್ತದೆ. ಎದ್ದು ಮೈ ಮುರಿದು, ಈಗೇನು ಮಾಡೋಣ ಅಂತ ಮನೆ ಸುತ್ತುತ್ತದೆ. ಟಿವಿ ರಿಮೋಟ್, ದಿಂಬು, ಸೋಫಾದ ಅಂಚು, ಹೀಗೆ ಸಿಕ್ಕಿದ್ದನ್ನೆಲ್ಲ ಆರಾಮಾಗಿ ಅಗಿಯುತ್ತದೆ. ಬಾಲ ಸಡಿಲವಾಗಿರುತ್ತದೆ. ಏಳು ತಿಂಗಳ ಹೊತ್ತಿಗೆ ನಾಯಿಗೆ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ಮೈಯಲ್ಲಿ ಶಕ್ತಿ, ಬಾಯಲ್ಲಿ ಹಲ್ಲು, ಮಾಡಲು ಕೆಲಸ ಮಾತ್ರ ಇಲ್ಲ. ಜೊತೆಗೆ ಇದು ಹರೆಯ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ತಿಂಗಳಲ್ಲಿ ಕೂತ್ಕೋ ಅಂದರೆ ಕೂರುತ್ತಿದ್ದ ನಾಯಿಗಳು ಎಂಟು ತಿಂಗಳಾದಾಗ ಸಾಕಿದವರ ಮಾತನ್ನೇ ಕಡೆಗಣಿಸಿದವು. ಅದೇ ಮಾತನ್ನು ಅಪರಿಚಿತರು ಹೇಳಿದರೆ ಕೇಳುತ್ತಿದ್ದವು! ಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಇಂಥ ನಾಯಿಯನ್ನು ಬೆಳಿಗ್ಗೆ ಸುಸ್ತಾಗುವ ತನಕ ಓಡಿಸಿದರೆ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಓಟ ಬೇಕು ನಿಜ, ಆದರೆ ದಿನಾ ಓಡಿಸಿದ ನಾಯಿಗೆ ದಮ್ಮೂ ಬೆಳೆಯುತ್ತಾ ಹೋಗುತ್ತದೆ. ಅದಕ್ಕಿಂತ ಕೆಲಸಕ್ಕೆ ಬರುವುದು ಮೂಗು. ನಮ್ಮ ವಾಕಿಂಗ್ ಹೇಗಿರುತ್ತದೆ ಗೊತ್ತಲ್ವಾ? ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬೆಲ್ಟಿನ ಹಗ್ಗ. ನಾಯಿ ಲೈಟುಕಂಬ ಮೂಸಲು ನಿಂತರೆ "ನಡಿ ನಡಿ" ಅಂತ ಎಳೆದುಕೊಂಡು ಹೋಗುತ್ತೇವೆ. 2019ರಲ್ಲಿ ಷಾರ್ಲೊಟ್ ಡ್ಯೂರಾಂಟನ್ ಮತ್ತು ಅದೇ ಹೊರೊವಿಟ್ಜ್ ಸೇರಿ ಇದನ್ನು ಪರೀಕ್ಷಿಸಿದರು. ಕೆಲವು ನಾಯಿಗಳಿಗೆ ಎರಡು ವಾರ ಮೂಸಿ ಹುಡುಕುವ ಆಟ, ಉಳಿದವಕ್ಕೆ ಮಾಲೀಕರ ಪಕ್ಕ ಶಿಸ್ತಾಗಿ ನಡೆಯುವ ಅಭ್ಯಾಸ. ಆಮೇಲೆ ತಿಂಡಿ ಇದೆಯೋ ಇಲ್ಲವೋ ಗೊತ್ತಿಲ್ಲದ ಬಟ್ಟಲನ್ನು ಇಟ್ಟರೆ, ಮೂಸುವ ಆಟ ಆಡಿದ ನಾಯಿಗಳು ಅದರ ಕಡೆ ಮೊದಲಿಗಿಂತ ಬೇಗ ಹೋದವು. ಏನೋ ಸಿಗುತ್ತದೆ ಎಂಬ ನಂಬಿಕೆ ಅವುಗಳಲ್ಲಿ ಹೆಚ್ಚಿತ್ತು ಅನ್ನುವುದು ಇದರ ಅರ್ಥ.

ಹಾಗಾಗಿ ಬೆಳಿಗ್ಗೆಯ ಊಟವನ್ನು ಬಟ್ಟಲಿಗೆ ಸುರಿದು ಓಡುವ ಬದಲು ಹುಡುಕಿ ತಿನ್ನುವ ಹಾಗೆ ಕೊಡಿ. ಹಳೆ ಟವೆಲ್ಲಿನಲ್ಲಿ ಡಾಗ್ ಫುಡ್ ಕಾಳು ಉದುರಿಸಿ ಸುತ್ತಿಡಬಹುದು. ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಯಲ್ಲಿ ರಾಗಿ ಅಂಬಲಿ, ಮೊಸರು ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ನೆಕ್ಕಿ ಮುಗಿಸಲು ಸುಮಾರು ಹೊತ್ತು ಹಿಡಿಯುತ್ತದೆ. ಮೊದಲು ನೀವಿದ್ದಾಗಲೇ ಕೊಟ್ಟು ನೋಡಿ. ಬಟ್ಟೆ ನುಂಗುವ ನಾಯಿಗೆ ಟವೆಲ್ ಬೇಡವೇ ಬೇಡ.

ಇನ್ನೊಂದು ತರಹದ ವಿಡಿಯೊ ನೋಡುವುದೇ ಕಷ್ಟ. ಲಿಫ್ಟಿನ ಸದ್ದು ನಿಲ್ಲುವ ಮೊದಲೇ ನಾಯಿ ಅಲೆದಾಡಲು ಶುರು ಮಾಡಿರುತ್ತದೆ. ಕುಂಯ್‌ಗುಟ್ಟುತ್ತದೆ, ಜೊಲ್ಲು ಸುರಿಸುತ್ತದೆ, ಬಾಗಿಲನ್ನೇ ಕೆರೆಯುತ್ತದೆ. ಎದುರಿಗಿಟ್ಟ ಇಷ್ಟದ ತಿಂಡಿಯನ್ನೂ ಮೂಸುವುದಿಲ್ಲ. ಹಾಳಾಗುವುದು ದಿಂಬಲ್ಲ, ಹೊರಗೆ ಹೋಗುವ ದಾರಿಗಳು: ಬಾಗಿಲಿನ ಚೌಕಟ್ಟು, ಕಿಟಕಿ. ಇದು ತುಂಟತನ ಅಲ್ಲ, ಭಯ. ಬುಡಾಪೆಸ್ಟಿನ ಸಂಶೋಧಕರು 1998ರಲ್ಲಿ, ಪುಟ್ಟ ಮಕ್ಕಳು ತಾಯಿಗೆ ಎಷ್ಟು ಅಂಟಿಕೊಂಡಿದ್ದಾರೆ ಎಂದು ಅಳೆಯುವ ಪರೀಕ್ಷೆಯನ್ನೇ ನಾಯಿಗಳಿಗೆ ಮಾಡಿ, ಅವು ಮನುಷ್ಯರಿಗೆ ಅದೇ ರೀತಿ ಅಂಟಿಕೊಳ್ಳುತ್ತವೆ ಎಂದು ತೋರಿಸಿದ್ದರು. ಎಲ್ಲ ನಾಯಿಗಳೂ ಒಂಟಿಯಾದಾಗ ಹೆದರುವುದಿಲ್ಲ. ಹೆದರುವ ನಾಯಿಯನ್ನು ಮಾತ್ರ ಪಂಜರದಲ್ಲಿ ಹಾಕಲೇಬಾರದು. ಅದು ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ.

ಇದಕ್ಕೆ ದಾರಿ ನಿಧಾನದ್ದು. ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋಗಿ ವಾಪಸ್ ಬರುವುದು. ಆಮೇಲೆ ಅರ್ಧ ನಿಮಿಷ ಹೊರಗೆ. ನಾಯಿ ಹೆದರುವ ಮುಂಚೆಯೇ ಮರಳಿ, ಸಮಯವನ್ನು ಚೂರು ಚೂರೇ ಹೆಚ್ಚಿಸುವುದು. ಈ ಅಭ್ಯಾಸದ ದಿನಗಳಲ್ಲಿ ಅದನ್ನು ಇಡೀ ದಿನ ಒಂಟಿ ಬಿಟ್ಟರೆ ಕಲಿಸಿದ್ದೆಲ್ಲ ನೀರುಪಾಲು. ಪಕ್ಕದ ಮನೆ ಆಂಟಿಯನ್ನೋ, ಊರಿನಿಂದ ಅಜ್ಜಿಯನ್ನೋ ಒಪ್ಪಿಸಬೇಕಾಗುತ್ತದೆ. ಔಷಧವೂ ಇದೆ. ಅಮೆರಿಕದಲ್ಲಿ ಇದೇ ತೊಂದರೆಗೆ ಕ್ಲೋಮಿಪ್ರಮಿನ್‌ಗೆ 1998ರಲ್ಲಿ, ಫ್ಲುಆಕ್ಸೆಟಿನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಪಶುವೈದ್ಯರು ನೋಡಿಯೇ ಕೊಡಬೇಕಾದ ಮಾತ್ರೆಗಳಿವು. ನಾಯಿಗೂ ಮನಸ್ಸಿನ ಮಾತ್ರೆಯಾ ಅಂತ ನಗುವವರು ನಗಲಿ.

ಮೂರನೆಯದು ಮೈಯ ಸಂಕಟ. ಉಚ್ಚೆ ತಡೆಯಲಾಗದೆ ಬಾಗಿಲು ಕೆರೆಯುವ ಮರಿಗಳಿವೆ. ಆದರೆ ನಮ್ಮ ಊರಿನಲ್ಲಿ ಯಾರೂ ಲೆಕ್ಕಕ್ಕಿಡದ್ದು ಸೆಕೆ. ಬೆಂಗಳೂರು ತಂಪು ಅಂತ ಇನ್ನೂ ನಂಬಿದ್ದೇವೆ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಪಡುವಣ ದಿಕ್ಕಿನ ಬಾಲ್ಕನಿ, ಗಾಳಿಯಾಡದ ಯುಟಿಲಿಟಿ ಮಧ್ಯಾಹ್ನ ಇನ್ನೂ ಜಾಸ್ತಿ ಕಾಯುತ್ತವೆ. ನಾಯಿಯನ್ನು ಕೂಡಿಹಾಕುವುದು ಸಾಮಾನ್ಯವಾಗಿ ಅಲ್ಲೇ.

ನಾಯಿಗೆ ನಮ್ಮ ಹಾಗೆ ಮೈತುಂಬಾ ಬೆವರುವುದಿಲ್ಲ. ಬೆವರು ಬರುವುದು ಮುಖ್ಯವಾಗಿ ಪಾದದಡಿ. ಫ್ಯಾನ್ ನಮ್ಮನ್ನು ತಂಪು ಮಾಡುವುದು ಬೆವರನ್ನು ಆರಿಸಿ. ಬೆವರೇ ಇಲ್ಲದ ತುಪ್ಪಳಕ್ಕೆ ಅದರಿಂದ ಅಷ್ಟು ಲಾಭವಿಲ್ಲ. ನಾಯಿಗಿರುವ ಉಪಾಯ ತೇಕುವುದು. ಮೂಗು, ಬಾಯಿ, ನಾಲಗೆಯ ತೇವ ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಆದರೆ ನಿಮಿಷಕ್ಕೆ 300 ಸಲ ಎದೆ ಆಡಿಸಿದರೆ ಆ ಕೆಲಸದಿಂದಲೇ ಮೈ ಬಿಸಿಯಾಗಬೇಕಲ್ಲ? 1962ರಲ್ಲಿ ಯೂಜಿನ್ ಕ್ರಾಫರ್ಡ್ ಎಂಬ ವಿಜ್ಞಾನಿ ಇದಕ್ಕೆ ಉತ್ತರ ಹುಡುಕಿದರು. ನಾಯಿ ತೇಕುವ ವೇಗ ಸೆಕೆಂಡಿಗೆ ಸುಮಾರು ಐದು. ಅದರ ಎದೆಗೂಡು, ಶ್ವಾಸಕೋಶ ತಾವಾಗೇ ಕಂಪಿಸುವ ವೇಗವೂ ಹೆಚ್ಚುಕಮ್ಮಿ ಅಷ್ಟೇ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲಗೆ ತಳ್ಳಿದರೂ ಎತ್ತರಕ್ಕೆ ಹೋಗುತ್ತದಲ್ಲ, ಹಾಗೆ ಕಡಿಮೆ ಶ್ರಮದಲ್ಲಿ ಗಾಳಿ ಒಳಗೆ ಹೊರಗೆ ಆಡುತ್ತದೆ. ಸೊಗಸಾದ ವ್ಯವಸ್ಥೆ. ಆದರೆ ಕೋಣೆಯ ಗಾಳಿಯಲ್ಲೇ ತೇವ ತುಂಬಿದರೆ ಆವಿಯಾಗುವುದು ನಿಧಾನವಾಗಿ ಇಡೀ ವ್ಯವಸ್ಥೆ ಸೋಲುತ್ತದೆ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ತೇಕುವ ನಾಯಿ ತನ್ನ ಉಸಿರಿನಿಂದಲೇ ಆ ತೇವ ತುಂಬಿಸುತ್ತಿರುತ್ತದೆ. ಪಗ್‌ನಂಥ ಮೋಟು ಮೂಗಿನ ತಳಿಗಳಿಗೆ ಅಪಾಯ ಇನ್ನೂ ಬೇಗ. ನಾಯಿಯ ಸಾಮಾನ್ಯ ಮೈಬಿಸಿ 38ರಿಂದ 39 ಡಿಗ್ರಿ. 41 ದಾಟಿದರೆ ಒಳಗಿನ ಅಂಗಗಳಿಗೇ ಪೆಟ್ಟು. ಹಾಗಾಗಿ ನಾಯಿ ಇರಬೇಕಾದ್ದು ಗಾಳಿಯಾಡುವ ಕೋಣೆಯಲ್ಲಿ, ಹೊಟ್ಟೆ ಊರಿ ಮಲಗಲು ತಣ್ಣನೆಯ ನೆಲ ಇರುವ ಕಡೆ. ಮಗುಚದ ಭಾರದ ಪಾತ್ರೆಯಲ್ಲಿ ನೀರು ಇರಲಿ.

ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚುವ ಬದಲು ಮಕ್ಕಳಿಗೆ ಹಾಕುವ ಅಡ್ಡಗೇಟು ಒಳ್ಳೆಯದು. ಆಚೆ ಕಾಣುತ್ತದೆ, ಗಾಳಿ ಬರುತ್ತದೆ. ಚಾರ್ಜರ್ ವೈರುಗಳನ್ನು ಕಿತ್ತು ಮೇಲಿಡಿ. 230 ವೋಲ್ಟಿನ ವೈರು ಕಚ್ಚಿದ ನಾಯಿಯ ಬಾಯಿ ಸುಡುವುದಷ್ಟೇ ಅಲ್ಲ, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಒಣದ್ರಾಕ್ಷಿ, ಚಾಕೊಲೇಟ್ ಎರಡೂ ನಾಯಿಗೆ ವಿಷ. ಬಾಲ್ಕನಿಗೆ ಕಟ್ಟಿಸಿದ ಪಾರಿವಾಳದ ನೆಟ್ಟನ್ನು ನಂಬಬೇಡಿ, ಅದು ನೈಲಾನ್ ದಾರ, ಹಲ್ಲಿಗೆ ತಡೆಯುವುದಿಲ್ಲ. ನಮ್ಮ ಮುಧೋಳ ನಾಯಿಯಂತೂ ಕಣ್ಣಿಂದ ಬೇಟೆಯಾಡುವ ಜಾತಿ. ಪಾರಿವಾಳ ಹಾರಿದ್ದು ಕಂಡರೆ ಎಷ್ಟನೇ ಮಹಡಿ ಅಂತ ಯೋಚಿಸುವುದಿಲ್ಲ. ಸ್ವಂತ ಮನೆಯ ಕಾಂಪೌಂಡಿನಲ್ಲಿ ಬಿಡುವವರು ಸಂಪಿನ ಮುಚ್ಚಳ ನೋಡಿಕೊಳ್ಳಬೇಕು.

ಪಂಜರಕ್ಕೆ, ಅಂದರೆ ಕ್ರೇಟಿಗೆ ನಾನು ವಿರೋಧಿಯಲ್ಲ. ತಾನಾಗೇ ಒಳಗೆ ಹೋಗಿ ಮಲಗುವ ತನಕ ಬಾಗಿಲು ತೆಗೆದಿಟ್ಟು ರೂಢಿ ಮಾಡಿಸಿದರೆ ಒಂದೆರಡು ಗಂಟೆಗೆ ಸರಿ. ಮುಚ್ಚುವಾಗ ಕೊರಳ ಬೆಲ್ಟ್ ತೆಗೆಯಬೇಕು, ಕಂಬಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ತೋಳಗಳು ಗುಹೆಯಲ್ಲಿ ಇರುತ್ತವೆ, ಹಾಗಾಗಿ ನಾಯಿಗೂ ಪಂಜರ ಇಷ್ಟ ಎಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ತೋಳಗಳು ಗುಹೆ ಬಳಸುವುದು ಮರಿ ಹಾಕಿದಾಗ, ಅದೂ ಕೆಲವು ವಾರ. ಆ ಗುಹೆಗೆ ಚಿಲಕ ಇರುವುದಿಲ್ಲ. ಸ್ವೀಡನ್ನಿನಲ್ಲಿ ಮನೆಯೊಳಗೆ ನಾಯಿಯನ್ನು ಪಂಜರದಲ್ಲಿ ಮುಚ್ಚಿಡಲು ಕಾನೂನು ಬಿಡುವುದಿಲ್ಲ. ಹಗಲಲ್ಲಿ ಆರು ಗಂಟೆಗೊಮ್ಮೆಯಾದರೂ ಹೊರಗೆ ಕರೆದೊಯ್ಯಬೇಕು ಅಂತಲೂ ಇದೆ.

ನಮ್ಮಲ್ಲೂ ಕಾನೂನಿಗೇನೂ ಕಮ್ಮಿಯಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟುವುದು ಅಪರಾಧ. ಮೈ ಆಡಿಸಲು ಜಾಗವಿಲ್ಲದ ಪಂಜರವೂ ಅಪರಾಧ. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಮಾಡಿಸದೇ ಇರುವುದನ್ನೂ ಆ ಕಾಯ್ದೆ ಬಿಡಿಸಿ ಹೇಳುತ್ತದೆ. ಟೆರೇಸಿನಲ್ಲಿ ಕಟ್ಟುವುದು ಇನ್ನೂ ಕೆಟ್ಟದ್ದು. ಗೋಡೆ ಹಾರಿದ ನಾಯಿ ಚೈನಿಗೆ ನೇತಾಡಿ ಸಾಯಬಹುದು.

ಇಷ್ಟೆಲ್ಲ ಮಾಡಿಯೂ ಏಪ್ರಿಲ್-ಮೇ ತಿಂಗಳ ಗುಡುಗಿಗೋ, ದೀಪಾವಳಿಯ ಪಟಾಕಿಗೋ ಬೆದರಿ ನಾಯಿ ಓಡಿಹೋಗುವುದುಂಟು. ಚರ್ಮದಡಿ ಹಾಕುವ ಮೈಕ್ರೋಚಿಪ್ಪಿನಿಂದ ನಾಯಿ ಎಲ್ಲಿದೆ ಅಂತ ತಿಳಿಯುವುದಿಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಯಾರಾದರೂ ನಾಯಿಯನ್ನು ಹಿಡಿದು ಪಶುವೈದ್ಯರ ಹತ್ತಿರ ಒಯ್ದು ರೀಡರ್ ಹಿಡಿದರೆ 15 ಅಂಕಿಯ ಒಂದು ನಂಬರ್ ಬರುತ್ತದೆ, ಅಷ್ಟೇ. ಆ ನಂಬರಿನ ಎದುರು ನಿಮ್ಮ ಫೋನ್ ನಂಬರ್ ನೋಂದಾಯಿಸಿರಬೇಕು. ಸಿಮ್ ಬದಲಿಸಿದಾಗ ಬ್ಯಾಂಕಿಗೆ ತಿಳಿಸುವ ಹಾಗೆ ಚಿಪ್ ನೋಂದಾಯಿಸಿದ ಕಡೆಗೂ ತಿಳಿಸಿ.