ಮಲ್ಪೆ ಬೋಟಲ್ಲಿ ನಮ್ಮೂರ ಹುಡುಗ್ರು ಯಾಕೆ ಕಮ್ಮಿ ಆದ್ರು

ಉಡುಪಿಯ ಮಲ್ಪೆ ಮೀನುಗಾರಿಕೆ ಬಂದರಿಗೆ ಬೆಳಿಗ್ಗೆ ಹೋಗಿ ನಿಂತ್ರೆ ತುಳು, ಕುಂದಾಪುರ ಕನ್ನಡದ ಜೊತೆ ಈಗ ಒಡಿಯಾ, ಹಿಂದಿ, ತೆಲುಗು ಎಲ್ಲಾ ಕಿವಿಗೆ ಬೀಳತ್ತೆ. ಬೋಟ್ ನಮ್ಮವರದ್ದೇ, ಬಲೆ ಎಳೆಯೋ ಕೈ ಎಷ್ಟೋ ಕಡೆ ಒಡಿಶಾ, ಜಾರ್ಖಂಡ್‌ನದ್ದು. 2020ರ ಕೊರೊನಾ ಟೈಮಲ್ಲಿ ಅವರೆಲ್ಲ ಊರಿಗೆ ಹೋದಾಗ, ಆಳಿಲ್ಲದೆ ಎಷ್ಟೋ ಬೋಟ್ ದಕ್ಕೆಯಲ್ಲೇ (ಬೋಟ್ ಕಟ್ಟೋ ಕಟ್ಟೆ) ಉಳೀತು. ಈಗಿನ ಹುಡುಗ್ರಿಗೆ ಮೈ ಬಗ್ಗಲ್ಲ ಅಂತ ಒಂದೇ ಮಾತಲ್ಲಿ ಮುಗಿಸೋರಿದ್ದಾರೆ, ಆದ್ರೆ ಅಷ್ಟು ಸಲೀಸಿಲ್ಲ ಮಾರಾಯ್ರೆ.

1970ರ ದಶಕದವರೆಗೆ ಇಲ್ಲಿ ಬಂಗುಡೆ, ಬೂತಾಯಿ ಮೀನು ಹಿಡಿಯೋದು ಅಂದ್ರೆ ರಂಪಣಿ, ದಡಕ್ಕೆ ಎಳೆಯೋ ದೊಡ್ಡ ಬಲೆ. ದೋಣಿಯಲ್ಲಿ ಬಲೆಯನ್ನ ಅರ್ಧಚಂದ್ರದ ಹಾಗೆ ಬಿಡ್ತಾ ಹೋಗಿ, ಎರಡೂ ತುದಿ ದಡಕ್ಕೆ ತಂದು ಹತ್ತಾರು ಜನ ಸಾಲಾಗಿ ನಿಂತು ಎಳೀಬೇಕು. ಬಲೆ ಒಬ್ಬನದ್ದಲ್ಲ, ಮನೆಮನೆಯ ತುಂಡು ಸೇರಿಸಿ ಆಗಿದ್ದು, ಹಾಗಾಗಿ ಮೀನಲ್ಲೂ ಪಾಲು. ನೀರಿನ ಬಣ್ಣ, ಹಕ್ಕಿ ಇಳಿಯೋ ಜಾಗ ನೋಡಿ ಹಿಂಡು ಎಲ್ಲಿದೆ ಅಂತ ಹೇಳೋ ಹಿರಿಯರ ಮರ್ಯಾದೆಯೇ ಬೇರೆ. ಸುಖ ಇತ್ತು ಅಂತಲ್ಲ, ಮೀನು ಬಾರದ ವರ್ಷ ಸಾಲ, ಮಳೆಗಾಲ ಬಂದ್ರೆ ಗಂಜಿಗೂ ತತ್ವಾರ. ಆದ್ರೆ ಹಗ್ಗ ಎಳೆದವ ಯಾರ ಆಳೂ ಅಲ್ಲ.

70ರ ದಶಕದ ಮಧ್ಯದಲ್ಲಿ ಪರ್ಸಿನ್ ಅನ್ನೋ ಸುತ್ತುಬಲೆಯ ಬೋಟ್ ಬಂತು. ಹಿಂಡು ದಡಕ್ಕೆ ಬರೋ ಮೊದ್ಲೇ ಸುತ್ತು ಹಾಕಿ ಎತ್ತಿಬಿಡೋದು. ರಂಪಣಿಯವರು ಗಲಾಟೆ ಮಾಡಿದ್ರು, ಪ್ರತಿಭಟನೆ ಆಯ್ತು, ಕೊನೆಗೆ ಕೆಲವೇ ವರ್ಷದಲ್ಲಿ ರಂಪಣಿ ಮೂಲೆಗೆ ಬಿತ್ತು, ಈಗ ಉಳಿದಿರೋದು ಸಣ್ಣ ಕೈರಂಪಣಿ. ಸಾಲ ಸಿಕ್ಕಿದವರು ಬೋಟ್ ಮಾಲೀಕರಾದ್ರು, ಸಿಗದವರು ಅದೇ ಬೋಟಿಗೆ ಕಲಾಸಿಗಳಾದ್ರು, ಅಂದ್ರೆ ಕೆಲಸದಾಳುಗಳು. ಡೀಸೆಲ್, ಐಸ್, ರೇಷನ್ ಖರ್ಚು ಮೊದ್ಲು ಕಳೆದು, ಮಾಲೀಕನ ಪಾಲು ತೆಗೆದು, ಆಮೇಲೆ ಕಲಾಸಿಗಳ ಲೆಕ್ಕ. ನನಗನ್ಸೋದು, ಹುಡುಗ್ರು ಬೋಟ್ ಕೆಲಸ ಬಿಟ್ಟುಹೋಗೋ ಕಥೆ ಶುರುವಾಗಿದ್ದೇ ಇಲ್ಲಿಂದ.

ಅಮೆರಿಕದ ನ್ಯೂ ಇಂಗ್ಲೆಂಡ್ ಮೀನುಗಾರರ ಬಗ್ಗೆ ಪೋಲ್ನಾಕ್, ಪೋಗಿ ಅನ್ನೋ ಮಾನವಶಾಸ್ತ್ರಜ್ಞರು 1980ರ ದಶಕದಲ್ಲಿ ಸ್ಟಡಿ ಮಾಡಿದ್ರು. ಕೆಲಸದ ತೃಪ್ತಿ ಅಂದ್ರೆ ದುಡ್ಡು, ಸುರಕ್ಷತೆ ಮಾತ್ರ ಅಲ್ಲ, ಸಾಹಸ, ಸವಾಲು, ತನಗೆ ತಾನೇ ಯಜಮಾನ ಆಗಿರೋದು ಕೂಡ ದೊಡ್ಡ ಭಾಗ ಅಂತ ಅವರು ತೋರಿಸಿದ್ರು. ಅದನ್ನ ಇಲ್ಲಿಗೆ ತಂದು ನೋಡಿ: ಹತ್ತು ದಿನ ಆಳಸಮುದ್ರದಲ್ಲಿ ಬಲೆ ಎಳ್ಕೊಂಡು ಹೋಗೋ ಟ್ರಾಲ್ ಬೋಟಲ್ಲಿ, ಮೀನು ಹುಡುಕೋದು ಫಿಶ್ ಫೈಂಡರ್, ದಾರಿ ಹೇಳೋದು ಜಿಪಿಎಸ್, ಬೋಟ್ ನಡೆಸೋ ತಾಂಡೇಲನಿಗಾದ್ರೂ ಸ್ವಲ್ಪ ಗತ್ತು ಉಂಟು, ಕಲಾಸಿಗೆ ಉಳಿಯೋದು ಬಲೆ ಎಳೆಯೋದು, ಮೀನು ಆರಿಸೋದು, ನಿದ್ದೆಗೆಡೋದು. ದುಡ್ಡೂ ಗ್ಯಾರಂಟಿ ಇಲ್ಲ, ಜೂನ್ ಜುಲೈ ಮೀನುಗಾರಿಕೆ ನಿಷೇಧದ ರಜೆ ಬೇರೆ. ಸುರಕ್ಷತೆ ಕೇಳ್ಬೇಡಿ, 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟ್ ಏಳು ಜನರ ಜೊತೆ ಕಾಣೆಯಾಯ್ತು, ಅವಶೇಷ ಮಹಾರಾಷ್ಟ್ರದ ಮಾಲ್ವಣ ಹತ್ರ ಸಿಕ್ಕಿದ್ದು ಮರುವರ್ಷ ಮೇನಲ್ಲಿ. ಆ ಐದು ತಿಂಗಳು ಕರಾವಳಿಯ ಎಷ್ಟು ಅಮ್ಮಂದಿರು ಮಗನ್ನ ಬೋಟಿಗೆ ಕಳಿಸೋಕೆ ಹಿಂದೆಮುಂದೆ ನೋಡಿರ್ಬಹುದು ಯೋಚಿಸಿ.

ಅಮ್ಮಂದಿರ ಮಾತು ಸುಮ್ನೆ ತಂದಿದ್ದಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ದುಡ್ಡಲ್ಲೇ ಎಷ್ಟೋ ಮಕ್ಕಳ ಸ್ಕೂಲ್ ಫೀಸ್ ಕಟ್ಟಿದ್ದು, ಹಾಗಾಗಿ ಮಗ ಕಡಲಿಗೋ ಕಾಲೇಜಿಗೋ ಅನ್ನೋದ್ರಲ್ಲಿ ಅವರ ಮಾತೂ ನಡೀತದೆ. ಊರು ಬಿಟ್ಟು ದುಡಿಯೋಕೆ ಹೋಗೋ ದಾರಿಯೂ ಹಳೇದು, ಮುಂಬೈಯಲ್ಲಿ ಮೀನುಗಾರ ಸಮುದಾಯದ ಸಂಘ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದೇ 1902ರಲ್ಲಿ, ಆಮೇಲೆ ಗಲ್ಫ್. ಅಪ್ಪ ಕಡಲು ಬಿಡೋದಿಲ್ಲ, ಅವನಿಗೆ ಬೇರೆ ಕೆಲಸ ಬರೋದೂ ಇಲ್ಲ, ಬೇಕಾಗೂ ಇಲ್ಲ. ಬಿಡೋದು ಮಗ, ಅದೂ ಕೆಲವೊಮ್ಮೆ ಅಪ್ಪನೇ ಹೇಳಿ.

ಹಾಗೆ ಬಿಟ್ಟು ಆಫೀಸು, ಬ್ಯಾಂಕು ಸೇರಿದವರಲ್ಲೇ ಕೆಲವರು ಭಾನುವಾರ ನದಿ ಕಡಲಿಗೆ ಸೇರೋ ಅಳಿವೆ ಬಾಗಿಲಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಬೀಸುಬಲೆ ಹಾಕ್ತಾ ಇರ್ತಾರೆ, ಸಿಕ್ಕಿದ ನಾಲ್ಕು ಮೀನನ್ನ ಮಾರೋದೂ ಇಲ್ಲ.