ಪಿಯರ್ಸಿಂಗ್ ದಾಖಲೆಗಳು: ಎಣಿಸಿದ್ದು ಏನನ್ನು?

ಪಿಯರ್ಸಿಂಗ್ ಅಂದರೆ ಮೈ ಚುಚ್ಚಿಸಿಕೊಂಡು ಒಡವೆ ಹಾಕಿಕೊಳ್ಳುವುದು. ಅದರ ವಿಶ್ವದಾಖಲೆಗಳನ್ನು ಓದುವಾಗ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿ ಎಣಿಸಿದ್ದು ಏನನ್ನು? ಇದು ಸ್ಪಷ್ಟವಾಗದಿದ್ದರೆ ಒಬ್ಬರ ಸಂಖ್ಯೆಗೂ ಇನ್ನೊಬ್ಬರ ಸಂಖ್ಯೆಗೂ ತಾಳೆಯೇ ಆಗುವುದಿಲ್ಲ.

ಅತಿ ಹೆಚ್ಚು ಚುಚ್ಚಿಸಿಕೊಂಡ ಮಹಿಳೆ ಎಂಬ ದಾಖಲೆ ಪಡೆದ ಎಲೈನ್ ಡೇವಿಡ್‌ಸನ್ ಅವರನ್ನೇ ನೋಡಿ. ಹುಟ್ಟಿದ್ದು ಬ್ರೆಜಿಲ್‌ನಲ್ಲಿ, ನೆಲೆಸಿದ್ದು ಎಡಿನ್‌ಬರೋದಲ್ಲಿ. ಮೊದಲ ಸಲ ಚುಚ್ಚಿಸಿಕೊಂಡಿದ್ದು 1997ರ ಜನವರಿಯಲ್ಲಿ. 2000ರ ಮೇ ತಿಂಗಳಲ್ಲಿ ಗಿನ್ನೆಸ್‌ನವರು ಎಣಿಸಿದಾಗ 462 ಇದ್ದವು, ಮುಖದಲ್ಲೇ 192. 2006ರ ಜೂನ್ ಹೊತ್ತಿಗೆ ಸಂಖ್ಯೆ 4,225! ಆರು ವರ್ಷಕ್ಕೆ ಒಂಬತ್ತು ಪಟ್ಟು ಅಂತ ಗಾಬರಿಯಾಗಬೇಡಿ. ಮೊದಲನೆಯದು ಆ ದಿನ ಮೈಮೇಲೆ ಕಂಡ ಲೆಕ್ಕ. ಎರಡನೆಯದು ಅಲ್ಲಿಯವರೆಗೆ ಒಟ್ಟು ಎಷ್ಟು ಸಲ ಚುಚ್ಚಿಸಿಕೊಂಡರು ಅನ್ನುವ ಲೆಕ್ಕ.

ಒಂದೇ ಸಲ ಕೂತು ಚುಚ್ಚಿಸಿಕೊಳ್ಳುವ ದಾಖಲೆ ಇನ್ನೂ ಬೇರೆ. 2006ರ ಮಾರ್ಚ್ 4ರಂದು ಇಂಗ್ಲೆಂಡ್‌ನಲ್ಲಿ ಕ್ಯಾಮ್ ಮಾ ಎಂಬುವರು ಅರಿವಳಿಕೆ ಇಲ್ಲದೆ 1,015 ಕಡೆ ಚುಚ್ಚಿಸಿಕೊಂಡರು. ಹಿಡಿದ ಸಮಯ 7 ಗಂಟೆ 55 ನಿಮಿಷ. ಅಂದರೆ ನಿಮಿಷಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಇವು ತಾತ್ಕಾಲಿಕವಾಗಿ ಹಾಕಿದವು. ಇದು ಸಹನೆಯ ದಾಖಲೆ. ಡೇವಿಡ್‌ಸನ್ ಅವರದು ವರ್ಷಗಟ್ಟಲೆ ಗಾಯ ನೋಡಿಕೊಂಡ ದಾಖಲೆ. ನನಗೆ ಎರಡನೆಯದೇ ಹೆಚ್ಚು ಕಷ್ಟದ್ದು ಅನ್ನಿಸುತ್ತದೆ.

ಯಾಕೆ ಅಂತ ತಿಳಿಯಲು ಗಾಯ ಮಾಗುವ ಬಗೆ ಗೊತ್ತಿರಬೇಕು. ಸೂಜಿ ಹೋದ ದಾರಿ ಸುಮ್ನೆ ತೂತಾಗಿ ಉಳಿಯುವುದಿಲ್ಲ. ಎರಡೂ ತುದಿಗಳಿಂದ ಹೊಸ ಚರ್ಮ ಒಳಕ್ಕೆ ಬೆಳೆಯುತ್ತಾ ಹೋಗಿ, ಒಳಗೋಡೆಗೆ ಪದರ ಕಟ್ಟುತ್ತದೆ. ಹೊರಗೆ ಮೊದಲು ಮಾಗುತ್ತದೆ, ನಡುಭಾಗ ಕೊನೆಗೆ. ಹಾಗಾಗಿ ಮೇಲಿನಿಂದ ನೋಡಿ ‘ವಾಸಿಯಾಯ್ತು’ ಅಂತ ಒಡವೆ ತೆಗೆದರೆ ಒಳಗೆ ಇನ್ನೂ ಹಸಿ ಇರಬಹುದು. ಕಿವಿಯ ಹಾಲೆಗೆ ಸಾಮಾನ್ಯವಾಗಿ 6ರಿಂದ 8 ವಾರ ಸಾಕು. ಹೊಕ್ಕುಳಿಗೆ ಆರು ತಿಂಗಳೋ ಒಂದು ವರ್ಷವೋ ಬೇಕು. ಕಿವಿಯ ಮೇಲ್ಭಾಗದ ಮೃದ್ವಸ್ಥಿಯೂ ನಿಧಾನ, ಯಾಕೆಂದರೆ ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ. ಅಲ್ಲಿ ಸೋಂಕಾದರೆ ಕಿವಿಯ ಆಕಾರವೇ ಕೆಡಬಹುದು. ಲೋಹದ ಆಯ್ಕೆಯೂ ಮುಖ್ಯ: ನಿಕ್ಕಲ್ ಅನೇಕರಿಗೆ ಅಲರ್ಜಿ, ಟೈಟಾನಿಯಂ ಸಾಮಾನ್ಯವಾಗಿ ಒಗ್ಗುತ್ತದೆ.

ಈಗ ದೇಹ ಮಾರ್ಪಾಡಿನ, ಅಂದರೆ ಪಿಯರ್ಸಿಂಗ್ ಜೊತೆಗೆ ಇಂಪ್ಲಾಂಟ್ (ಚರ್ಮದಡಿ ಕೂರಿಸುವ ವಸ್ತು), ನಾಲಿಗೆ ಸೀಳುವಿಕೆಯಂಥವನ್ನೂ ಎಣಿಸುವ ದಾಖಲೆಗೆ ಬರೋಣ. ಇಲ್ಲಿ ಲೆಕ್ಕ ಇನ್ನೂ ಗೋಜಲು. ಜರ್ಮನಿಯ ರೋಲ್ಫ್ ಬುಖೋಲ್ಜ್ ಅವರಿಗೆ 2012ರ ಡಿಸೆಂಬರ್‌ನಲ್ಲಿ 516 ಮಾರ್ಪಾಡುಗಳು ದಾಖಲಾದವು. ಅದರಲ್ಲಿ 481 ಪಿಯರ್ಸಿಂಗ್. ಹಣೆಯ ಚರ್ಮದಡಿ ಎರಡು ಕೊಂಬಿನಂಥ ಇಂಪ್ಲಾಂಟ್, ಬಲಗೈ ಬೆರಳ ತುದಿಗಳಲ್ಲಿ ಐದು ಅಯಸ್ಕಾಂತಗಳೂ ಸೇರಿವೆ. ಪೆರಾಲ್ಟಾ ದಂಪತಿ, ಅಂದರೆ ವಿಕ್ಟರ್ ಹ್ಯೂಗೊ ಮತ್ತು ಗೇಬ್ರಿಯೆಲಾ, 2014ರಲ್ಲಿ ಇಬ್ಬರೂ ಸೇರಿ ತಲುಪಿದ ಸಂಖ್ಯೆ 84. ಪಿಯರ್ಸಿಂಗ್ 50 ಮಾತ್ರ. ಉಳಿದವುಗಳಲ್ಲಿ 14 ಇಂಪ್ಲಾಂಟ್, ಸೀಳಿದ ನಾಲಿಗೆ ಒಂದು. ತುಟಿಯ ಒಂದು ಸಣ್ಣ ರಿಂಗಿಗೂ ಒಂದೇ ಅಂಕ, ನಾಲಿಗೆ ಸೀಳುವ ಶಸ್ತ್ರಕ್ರಿಯೆಗೂ ಒಂದೇ ಅಂಕ! ಹಾಗಾಗಿ 84 ಅನ್ನುವುದು 516ಕ್ಕಿಂತ ‘ಸಣ್ಣ’ ಸಾಧನೆ ಅಂತ ತೀರ್ಪು ಕೊಡಲಾಗದು, ಅಲ್ವಾ?

ಎಣಿಕೆ ಬಿಟ್ಟು ಅಳತೆ ಹಿಡಿಯುವ ದಾಖಲೆಗಳು ಇದಕ್ಕಿಂತ ಸರಳ. ಹವಾಯಿಯ ಕಾಲಾ ಕೈವಿ ಅವರ ಹಿಗ್ಗಿಸಿದ ಕಿವಿಹಾಲೆಯ ತೂತು 2014ರಲ್ಲಿ 10.5 ಸೆಂಟಿಮೀಟರ್ ಇತ್ತು. ಅಷ್ಟು ಹಿಗ್ಗಿದ ಹಾಲೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ, ಸರಿಪಡಿಸಲು ಶಸ್ತ್ರಚಿಕಿತ್ಸೆಯೇ ಬೇಕು. ಹಚ್ಚೆಯ ದಾಖಲೆಯಲ್ಲಿ ಮಾತ್ರ ಶೇಕಡಾ ಲೆಕ್ಕವೂ ಅಡ್ಡದಾರಿ ಹಿಡಿಯುತ್ತದೆ. ಲಕ್ಕಿ ಡೈಮಂಡ್ ರಿಚ್ ಅವರ ಮೈ ಹಚ್ಚೆ ಶೇ. 200ಕ್ಕೂ ಜಾಸ್ತಿ. ಮೈಯೆಲ್ಲಾ ಕಪ್ಪು ಹಚ್ಚೆಯಿಂದ ಮುಚ್ಚಿದ ಮೇಲೆ, ಅದರ ಮೇಲೆಯೇ ಬಿಳಿ ಹಚ್ಚೆ, ಬಿಳಿಯ ಮೇಲೆ ಮತ್ತೆ ಬಣ್ಣ. ಅಲ್ಲಿ ಎಣಿಸಿದ್ದು ಚರ್ಮವನ್ನಲ್ಲ, ಪದರಗಳನ್ನು.